ಎಣಿಸದೆ ಉಳಿದ ಪ್ರಾಶಸ್ತ್ಯಗಳು

ಪ್ರಾಶಸ್ತ್ಯ ಮತ ಎಂಬ ಮಾತು ಕರ್ನಾಟಕದ ಓದುಗರಿಗೆ ಹೊಸದಲ್ಲ. ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರಕ್ಕೋ ಶಿಕ್ಷಕರ ಕ್ಷೇತ್ರಕ್ಕೋ ಚುನಾವಣೆ ಬಂದಾಗಲೆಲ್ಲ ಪತ್ರಿಕೆಗಳು ಅದನ್ನು ಮತ್ತೆ ವಿವರಿಸುತ್ತವೆ. ಮತಗಟ್ಟೆಯಲ್ಲಿ ಕೊಡುವ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಿಂದಲೇ ಬರೆಯಬೇಕು. ಹೆಚ್ಚು ಮೆಚ್ಚಿದ ಅಭ್ಯರ್ಥಿಯ ಎದುರು 1 ಎಂದೂ ಅನಂತರದವರ ಎದುರು 2, 3 ಎಂದೂ ಅಂಕಿಯಲ್ಲಿ ನಮೂದಿಸಬೇಕು. ಸಹಿ ಹಾಕಿದರೆ, ಹೆಸರು ಬರೆದರೆ ಮತ ಅಸಿಂಧು. ಬರೆಯುವುದು ಹೇಗೆ ಎಂಬ ವಿವರಣೆ ಹೀಗೆ ಧಾರಾಳವಾಗಿ ಸಿಗುತ್ತದೆ. ಬರೆದದ್ದನ್ನು ಓದುವುದು ಹೇಗೆ ಎಂಬ ಬಗ್ಗೆ ಮಾತು ಕಡಿಮೆ. ಮತದಾರರು ಅಷ್ಟು ಎಚ್ಚರದಿಂದ ಬರೆದ ಅಂಕಿಗಳಲ್ಲಿ ಬಹಳಷ್ಟನ್ನು ನಮ್ಮ ಎಣಿಕೆಯ ನಿಯಮ ಕಣ್ಣೆತ್ತಿಯೂ ನೋಡುವುದಿಲ್ಲ. ಹಲವು ಸ್ಥಾನಗಳನ್ನು ಒಟ್ಟಿಗೆ ತುಂಬುವಾಗ ಇದರಿಂದ ಹೆಚ್ಚಿನ ಹಾನಿಯಿಲ್ಲ. ಒಬ್ಬರನ್ನೇ ಆರಿಸಬೇಕಾದಾಗ ಇದು ದೊಡ್ಡ ದೋಷ. ಕೆಲವೊಮ್ಮೆ ಗೆಲ್ಲಬೇಕಾದವರನ್ನೇ ಕಣದಿಂದ ಹೊರದೂಡುವ ದೋಷ. ಈ ದೋಷವನ್ನು ತಿದ್ದುವುದು ಸಾಧ್ಯ, ತಿದ್ದುವ ದಾರಿ ನಾವಂದುಕೊಂಡಷ್ಟು ಕಡಿದೂ ಅಲ್ಲ ಎಂಬುದು ಈ ಉಪನ್ಯಾಸದ ವಾದ.

ಈ ಪದ್ಧತಿಯ ಹುಟ್ಟನ್ನು ನೋಡಿದರೆ ದೋಷದ ಬೇರು ಕಾಣುತ್ತದೆ. 1850ರ ದಶಕದಲ್ಲಿ ಡೆನ್ಮಾರ್ಕಿನ ಕಾರ್ಲ್ ಆಂಡ್ರೆ ಮತ್ತು ಇಂಗ್ಲೆಂಡಿನ ಥಾಮಸ್ ಹೇರ್ ಬೇರೆಬೇರೆಯಾಗಿಯೇ ರೂಪಿಸಿದ ಏಕ ವರ್ಗಾವಣೀಯ ಮತ ಪದ್ಧತಿ ಹುಟ್ಟಿದ್ದು ಹಲವು ಸ್ಥಾನಗಳಿಗಾಗಿ. ಅದರ ನಡುಗಂಬ ಕೋಟಾ, ಅಂದರೆ ಗೆಲ್ಲಲು ಸಾಕಾಗುವ ಮತಸಂಖ್ಯೆ. ಇಂದು ಬಳಕೆಯಲ್ಲಿರುವ ಕೋಟಾ ಸೂತ್ರ ಹೆನ್ರಿ ಡ್ರೂಪ್ ಎಂಬ ಆಂಗ್ಲ ನ್ಯಾಯವಾದಿಯದು: ಸ್ಥಾನಗಳ ಸಂಖ್ಯೆಗೆ ಒಂದು ಕೂಡಿಸಿ, ಅದರಿಂದ ಸಿಂಧು ಮತಗಳನ್ನು ಭಾಗಿಸಿ, ಬಂದ ಪೂರ್ಣಾಂಕಕ್ಕೆ ಮತ್ತೆ ಒಂದು ಸೇರಿಸಬೇಕು. ಕರ್ನಾಟಕ ವಿಧಾನಸಭೆಯ 224 ಸದಸ್ಯರು ರಾಜ್ಯಸಭೆಯ ನಾಲ್ಕು ಸ್ಥಾನಗಳನ್ನು ತುಂಬುವಾಗ ಒಬ್ಬೊಬ್ಬ ಅಭ್ಯರ್ಥಿಗೂ 45 ಮತ ಬೇಕು ಎಂದು ಪತ್ರಿಕೆಗಳು ಬರೆಯುವುದು ಈ ಲೆಕ್ಕದಿಂದಲೇ. ನಾಲ್ವರು 45ರಂತೆ ಪಡೆದರೆ 180 ಆಯಿತು. ಐದನೆಯವರಿಗೂ 45 ಸಿಗಬೇಕಾದರೆ ಒಟ್ಟು 225 ಮತ ಬೇಕು, ಸದನದಲ್ಲಿರುವುದು 224. ಇರುವ ಸ್ಥಾನಕ್ಕಿಂತ ಒಬ್ಬರೂ ಹೆಚ್ಚು ಗೆಲ್ಲಲಾಗದ ಅತಿ ಚಿಕ್ಕ ಸಂಖ್ಯೆ ಅದು. ಕೋಟಾ ದಾಟಿದವರ ಹೆಚ್ಚುವರಿ ಮತ ಮುಂದಿನ ಪ್ರಾಶಸ್ತ್ಯಕ್ಕೆ ಹರಿಯುತ್ತದೆ. ತೀರಾ ಹಿಂದುಳಿದವರನ್ನು ಹೊರಗಿಟ್ಟು ಅವರ ಮತವನ್ನೂ ಮುಂದಕ್ಕೆ ಹರಿಸುತ್ತಾರೆ. ಹೀಗೆ ಸದನದ ಐದನೆಯ ಒಂದು ಪಾಲಿಗಿಂತ ತುಸು ಹೆಚ್ಚು ಬಲವಿರುವ ಗುಂಪು, ಉಳಿದವರೆಲ್ಲ ಎದುರಾಗಿ ನಿಂತರೂ, ತನ್ನ ಒಬ್ಬರನ್ನು ಗೆಲ್ಲಿಸಿಕೊಳ್ಳುತ್ತದೆ. ಇದು ನಿಜವಾದ ಪ್ರಮಾಣಾನುಗುಣ ಪ್ರಾತಿನಿಧ್ಯ. ಈ ಕೆಲಸಕ್ಕೆ ಈ ಪದ್ಧತಿಯನ್ನು ಮೀರಿಸುವುದು ಸುಲಭವಲ್ಲ, ಅದರ ಮೇಲೆ ನನ್ನ ದೂರೂ ಇಲ್ಲ.

ಸ್ಥಾನ ಒಂದೇ ಆದಾಗ ಚಿತ್ರ ಬದಲಾಗುತ್ತದೆ. ಒಂದೇ ಹುದ್ದೆಯನ್ನು ಪ್ರಮಾಣಕ್ಕೆ ತಕ್ಕಂತೆ ಹಂಚಲು ಬರುವುದಿಲ್ಲ. ಹೆಚ್ಚುವರಿ ಮತದ ವರ್ಗಾವಣೆಗೂ ಕೆಲಸವಿಲ್ಲ. ಒಬ್ಬರು ಕೋಟಾ ದಾಟಿದೊಡನೆ ಎಣಿಕೆ ಮುಗಿಯಿತು. ಹಳೆಯ ಯಂತ್ರದಲ್ಲಿ ಉಳಿಯುವುದು ಒಂದೇ ಭಾಗ: ಕಡೆಯವರನ್ನು ಹೊರಹಾಕುವುದು. 1870ರ ಸುಮಾರಿಗೆ ಅಮೆರಿಕದ ವಾಸ್ತುಶಿಲ್ಪ ಪ್ರಾಧ್ಯಾಪಕ ವಿಲಿಯಂ ವೇರ್ ಈ ಭಾಗವನ್ನಷ್ಟೇ ಬಿಡಿಸಿಕೊಂಡು ಏಕಸ್ಥಾನದ ಚುನಾವಣೆಗೆ ಹೊಂದಿಸಿದರು. ನಮ್ಮ ಸಂವಿಧಾನದ 55(3)ನೆಯ ವಿಧಿ ರಾಷ್ಟ್ರಪತಿಯ ಆಯ್ಕೆಗೂ 171(4)ನೆಯ ವಿಧಿ ವಿಧಾನ ಪರಿಷತ್ತಿಗೂ ಇದೇ ಏಕ ವರ್ಗಾವಣೀಯ ಮತವನ್ನು ವಿಧಿಸುತ್ತವೆ. ಕರ್ನಾಟಕದ ಪರಿಷತ್ತಿನ 75 ಸ್ಥಾನಗಳಲ್ಲಿ ಏಳು ಪದವೀಧರರದು, ಏಳು ಶಿಕ್ಷಕರದು. ಈ ಹದಿನಾಲ್ಕೂ ಏಕಸ್ಥಾನದ ಕ್ಷೇತ್ರಗಳು. ಇಲ್ಲಿ ಕೋಟಾ ಎಂದರೆ ಸಿಂಧು ಮತಗಳ ಅರ್ಧಕ್ಕೆ ಒಂದು ಹೆಚ್ಚು. ಮೊದಲ ಸುತ್ತಿನಲ್ಲಿ ಯಾರೂ ಅದನ್ನು ಮುಟ್ಟದಿದ್ದರೆ ಕಡೆಯ ಅಭ್ಯರ್ಥಿ ಹೊರಗೆ, ಆ ಕಟ್ಟಿನ ಮತಪತ್ರಗಳಲ್ಲಿ ಮುಂದಿನ ಪ್ರಾಶಸ್ತ್ಯ ಯಾರಿಗಿದೆಯೋ ಅವರಿಗೆ ಮತ. ಹೀಗೆ ಸುತ್ತಿನ ಮೇಲೆ ಸುತ್ತು. ಕೊನೆಗೆ ಒಬ್ಬರೇ ಉಳಿದರೆ, ಕೋಟಾ ಮುಟ್ಟದಿದ್ದರೂ, ಅವರೇ ಆಯ್ಕೆಯಾದಂತೆ. ಈ ಕ್ರಮದಲ್ಲಿ ಯಾರ ಅಂಕಿಗಳು ಓದಿಗೆ ಬರುತ್ತವೆ ಎಂಬುದನ್ನು ಗಮನಿಸಬೇಕು. ಹೊರಬಿದ್ದವರ ಕಟ್ಟುಗಳಲ್ಲಿ ಎರಡನೆಯ ಪ್ರಾಶಸ್ತ್ಯವನ್ನು ಓದುತ್ತಾರೆ. ಕೊನೆಯವರೆಗೆ ಉಳಿದ ಇಬ್ಬರ ಕಟ್ಟುಗಳಲ್ಲಿ 2, 3 ಎಂದು ಬರೆದದ್ದನ್ನು ಯಾರೂ ಓದುವುದಿಲ್ಲ. ಬಹಳಷ್ಟು ಚುನಾವಣೆಗಳಲ್ಲಿ ಮತಪತ್ರಗಳ ದೊಡ್ಡ ರಾಶಿ ಇರುವುದು ಆ ಎರಡು ಕಟ್ಟುಗಳಲ್ಲೇ.

ನಮ್ಮ ದೇಶದ ಅತ್ಯಂತ ಪ್ರಸಿದ್ಧ ಉದಾಹರಣೆಗೆ ಕರ್ನಾಟಕದ ನಂಟೂ ಇದೆ. 1969ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಸೇರಿದ್ದ ಕಾಂಗ್ರೆಸ್ ನಾಯಕರು ನೀಲಂ ಸಂಜೀವ ರೆಡ್ಡಿಯವರನ್ನು ರಾಷ್ಟ್ರಪತಿ ಸ್ಥಾನದ ಅಭ್ಯರ್ಥಿಯಾಗಿ ಆರಿಸಿದರು. ಹಿಂದೆ ಮೈಸೂರು ರಾಜ್ಯದ ರಾಜ್ಯಪಾಲರೂ ಆಗಿದ್ದ ವಿ.ವಿ. ಗಿರಿ ಪಕ್ಷೇತರರಾಗಿ ನಿಂತರು. ಸ್ವತಂತ್ರ ಪಕ್ಷ ಮತ್ತು ಜನಸಂಘ ಸಿ.ಡಿ. ದೇಶಮುಖರನ್ನು ಬೆಂಬಲಿಸಿದವು. ಕಾಂಗ್ರೆಸ್ ಅಧ್ಯಕ್ಷ ಎಸ್. ನಿಜಲಿಂಗಪ್ಪನವರು ಆ ಎರಡು ಪಕ್ಷಗಳ ನಾಯಕರನ್ನು ಕಂಡು ಅವರ ಎರಡನೆಯ ಪ್ರಾಶಸ್ತ್ಯವನ್ನು ರೆಡ್ಡಿಯವರಿಗೆ ಕೊಡಿಸಲು ಯತ್ನಿಸಿದರು. ರೆಡ್ಡಿಯವರ ಆಯ್ಕೆಯನ್ನು ಒಪ್ಪದ ಪ್ರಧಾನಿ ಇಂದಿರಾ ಗಾಂಧಿಯವರ ಕಡೆಯವರು ಅದನ್ನೇ ಹಿಡಿದು ಆತ್ಮಸಾಕ್ಷಿಯ ಮತಕ್ಕೆ ಕರೆಕೊಟ್ಟರು. ಸಂಸದರ, ಶಾಸಕರ ಮತಗಳಿಗೆ ನಿಗದಿಯಾದ ಮೌಲ್ಯ ಕೂಡಿಸಿದರೆ ಒಟ್ಟು ಸಿಂಧು ಮತಮೌಲ್ಯ 8,36,337, ಕೋಟಾ 4,18,169. ಮೊದಲ ಪ್ರಾಶಸ್ತ್ಯದಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769. ಎರಡನೆಯ ಪ್ರಾಶಸ್ತ್ಯಗಳು ಸೇರಿದಾಗ ಗಿರಿ 4,20,077, ರೆಡ್ಡಿ 4,05,427. ಕಳೆದು ನೋಡಿದರೆ, ಹೊರಬಿದ್ದ ಅಭ್ಯರ್ಥಿಗಳಿಂದ ರೆಡ್ಡಿಯವರಿಗೆ ಹರಿದದ್ದು 91,879, ಗಿರಿಯವರಿಗೆ 18,562 ಮಾತ್ರ. ನಿಜಲಿಂಗಪ್ಪನವರ ಯತ್ನ ವಿಫಲವಾಯಿತು ಎಂದು ಹೇಳುವುದು ವಾಡಿಕೆ. ಅಂಕಿಗಳು ಬೇರೆಯೇ ಹೇಳುತ್ತವೆ. ಅವರು ಬಯಸಿದ ಎರಡನೆಯ ಪ್ರಾಶಸ್ತ್ಯ ನಾಲ್ಕರಲ್ಲಿ ಮೂರು ಪಾಲು ಅವರ ಅಭ್ಯರ್ಥಿಗೇ ಬಂತು. ಸೋಲಾದದ್ದು ಮೊದಲ ಪ್ರಾಶಸ್ತ್ಯದಲ್ಲಿ, ಸ್ವಂತ ಪಕ್ಷದೊಳಗಿನ ಒಡಕಿನಿಂದ. ನನ್ನ ವಾದಕ್ಕೆ ಬೇಕಾದ ಸಂಗತಿ ಇನ್ನೊಂದು. ಗಿರಿ ಮತ್ತು ರೆಡ್ಡಿ ಇಬ್ಬರ ಕಟ್ಟುಗಳು ಸೇರಿ 7,15,063 ಮತಮೌಲ್ಯ, ಅಂದರೆ ಒಟ್ಟಿನ ಶೇ. 85ಕ್ಕೂ ಹೆಚ್ಚು. ಆ ಮತಪತ್ರಗಳಲ್ಲಿ ಎರಡನೆಯ ಸ್ಥಾನ ಯಾರಿಗಿತ್ತು ಎಂಬುದನ್ನು ನಿಯಮ ಕೇಳಲಿಲ್ಲ. ರೆಡ್ಡಿಯವರ ಮತದಾರರು ಗಿರಿಗಿಂತ ದೇಶಮುಖರನ್ನು, ಗಿರಿಯವರ ಮತದಾರರು ರೆಡ್ಡಿಗಿಂತ ದೇಶಮುಖರನ್ನು ಹೆಚ್ಚು ಒಪ್ಪುತ್ತಿದ್ದರೇ ಎಂಬ ಪ್ರಶ್ನೆಗೆ ಉತ್ತರ ಕಾಗದದ ಮೇಲೆಯೇ ಇದ್ದಿರಬಹುದು. ಎಣಿಕೆಯ ಮೇಜಿನ ಮೇಲೆ ಅದಕ್ಕೆ ಜಾಗವಿರಲಿಲ್ಲ.

ಈ ಪ್ರಶ್ನೆಯನ್ನು ಕ್ರಮಬದ್ಧವಾಗಿ ಕೇಳಿದವನು ಫ್ರಾನ್ಸಿನ ಗಣಿತಜ್ಞ ಕಾಂಡೋರ್ಸೆ, 1785ರಲ್ಲಿ. ಪ್ರಾಶಸ್ತ್ಯದ ಮತಪತ್ರ ಒಂದು ಸಾಲಿನಂತೆ ಕಂಡರೂ ಅದರೊಳಗೆ ಹಲವು ತೀರ್ಪುಗಳಿವೆ. ನಾಲ್ವರು ಅಭ್ಯರ್ಥಿಗಳಿಗೆ ಕ್ರಮ ಕೊಟ್ಟ ಮತದಾರ ಆರು ಜೋಡಿಗಳ ಬಗ್ಗೆ, ಇವರಿಗಿಂತ ಇವರು ಮೇಲು ಎಂದು ಹೇಳಿದಂತಾಯಿತು. ಎಲ್ಲ ಮತಪತ್ರಗಳಿಂದ ಈ ಜೋಡಿ ಹೋಲಿಕೆಗಳನ್ನು ಕೂಡಿಸಿದರೆ ಯಾರ ಎದುರು ಯಾರಿಗೆ ಬಹುಮತ ಎಂಬ ಪಟ್ಟಿ ಸಿಗುತ್ತದೆ. ಉಳಿದ ಪ್ರತಿಯೊಬ್ಬರನ್ನೂ ನೇರ ಹೋಲಿಕೆಯಲ್ಲಿ ಮೀರುವವರು ಇದ್ದರೆ ಅವರನ್ನು ಕಾಂಡೋರ್ಸೆ ವಿಜೇತ ಎನ್ನುತ್ತಾರೆ. ಅಂಥವರು ಯಾವಾಗಲೂ ಇರಬೇಕೆಂದಿಲ್ಲ ಎಂಬುದನ್ನು ಕಂಡುಹಿಡಿದವನೂ ಅವನೇ. ಒಂದು ಗ್ರಾಮ ಪಂಚಾಯಿತಿಗೆ ಒಂದೇ ಕಾಮಗಾರಿಗೆ ಹಣ ಬಂದಿದೆ ಎನ್ನೋಣ. ಒಬ್ಬ ಸದಸ್ಯರ ಕ್ರಮ ಕೆರೆ, ರಸ್ತೆ, ಶಾಲೆ. ಇನ್ನೊಬ್ಬರದು ರಸ್ತೆ, ಶಾಲೆ, ಕೆರೆ. ಮೂರನೆಯವರದು ಶಾಲೆ, ಕೆರೆ, ರಸ್ತೆ. ರಸ್ತೆಗಿಂತ ಕೆರೆ ಮೇಲೆನ್ನುವವರು ಇಬ್ಬರು, ಶಾಲೆಗಿಂತ ರಸ್ತೆ ಮೇಲೆನ್ನುವವರು ಇಬ್ಬರು, ಕೆರೆಗಿಂತ ಶಾಲೆ ಮೇಲೆನ್ನುವವರೂ ಇಬ್ಬರು. ಒಬ್ಬೊಬ್ಬರ ಮನಸ್ಸೂ ಸ್ಪಷ್ಟವಾಗಿದೆ, ಮೂವರ ಬಹುಮತ ಮಾತ್ರ ಸುತ್ತಿ ಸುತ್ತಿ ತನ್ನ ಬಾಲವನ್ನೇ ಹಿಡಿಯುತ್ತದೆ. ಇದೇ ಕಾಂಡೋರ್ಸೆ ಚಕ್ರ. ಕಾಂಡೋರ್ಸೆಯ ಸಮಕಾಲೀನ ಬೋರ್ಡಾ ಅಂಕ ಕೊಟ್ಟು ಕೂಡಿಸುವ ದಾರಿ ಹಿಡಿದ. ಆ ದಾರಿಯಲ್ಲಿ ಒಂದೇ ಬಗೆಯ ಅಭ್ಯರ್ಥಿಗಳನ್ನು ಹೆಚ್ಚು ನಿಲ್ಲಿಸಿದವರಿಗೆ ಲಾಭವಾಗುತ್ತದೆ, ಎದುರಾಳಿಯನ್ನು ಬೇಕೆಂದೇ ಕೊನೆಗೆ ತಳ್ಳುವ ಆಸೆಯೂ ಹುಟ್ಟುತ್ತದೆ. ರಾಜಕೀಯ ಚುನಾವಣೆಗೆ ಅದು ಸಲ್ಲದು.

ಓದದ ಪ್ರಾಶಸ್ತ್ಯಗಳಿಂದ ಆಗುವ ಹಾನಿಗೆ ಅತ್ಯಂತ ಸ್ಪಷ್ಟ ಸಾಕ್ಷ್ಯ ಅಮೆರಿಕದ ಅಲಾಸ್ಕಾ ರಾಜ್ಯದಿಂದ ಬಂದಿದೆ. ಸಂಸತ್ ಸದಸ್ಯ ಡಾನ್ ಯಂಗ್ ತೀರಿಕೊಂಡು ತೆರವಾದ ಸ್ಥಾನಕ್ಕೆ 2022ರ ಆಗಸ್ಟ್ 16ರಂದು ಅಲ್ಲಿ ಉಪಚುನಾವಣೆ ನಡೆಯಿತು. ಆ ರಾಜ್ಯ ಪ್ರಾಶಸ್ತ್ಯ ಮತವನ್ನು ಬಳಸಿದ್ದು ಅದೇ ಮೊದಲು. ಡೆಮಾಕ್ರಟಿಕ್ ಪಕ್ಷದ ಮೇರಿ ಪೆಲ್ಟೋಲಾ 75,799 ಮತ, ರಿಪಬ್ಲಿಕನ್ ಪಕ್ಷದ ಸಾರಾ ಪೇಲಿನ್ 58,973, ಅದೇ ಪಕ್ಷದ ನಿಕ್ ಬೆಗಿಚ್ 53,810 ಪಡೆದರು. ಬೆಗಿಚ್ ಹೊರಬಿದ್ದರು. ಅವರ ಮತಗಳಲ್ಲಿ 27,053 ಪೇಲಿನ್ ಅವರಿಗೆ, 15,467 ಪೆಲ್ಟೋಲಾ ಅವರಿಗೆ ಹೋದವು; 11 ಸಾವಿರಕ್ಕೂ ಹೆಚ್ಚು ಮತಪತ್ರಗಳಲ್ಲಿ ಮುಂದಿನ ಅಂಕಿಯೇ ಇಲ್ಲದೆ ಅವು ಅಲ್ಲೇ ನಿಂತವು. ಪೆಲ್ಟೋಲಾ 91,266ಕ್ಕೆ 86,026ರಂತೆ ಗೆದ್ದರು. ಮತಪತ್ರಗಳ ಪೂರ್ಣ ದತ್ತಾಂಶ ಅಲ್ಲಿ ಪ್ರಕಟವಾಗುವುದರಿಂದ ಉಳಿದ ಜೋಡಿಗಳ ಲೆಕ್ಕವನ್ನೂ ಮಾಡಬಹುದು. ಪೇಲಿನ್ ಅವರ ಮತದಾರರಲ್ಲಿ ಸುಮಾರು 34 ಸಾವಿರ ಮಂದಿ ಎರಡನೆಯ ಪ್ರಾಶಸ್ತ್ಯ ಬರೆದದ್ದು ಬೆಗಿಚ್ ಅವರಿಗೆ. ಪೆಲ್ಟೋಲಾ ಅವರ ಮತದಾರರಲ್ಲಿ 47 ಸಾವಿರದಷ್ಟು ಮಂದಿಯೂ ಹಾಗೆಯೇ ಬರೆದಿದ್ದರು. ಈ ಎಂಬತ್ತೊಂದು ಸಾವಿರ ಎರಡನೆಯ ಪ್ರಾಶಸ್ತ್ಯಗಳಲ್ಲಿ ಒಂದನ್ನೂ ಎಣಿಕೆ ಮುಟ್ಟಲಿಲ್ಲ. ಮುಟ್ಟಿದ್ದರೆ ಬೆಗಿಚ್ ಅವರು ಪೆಲ್ಟೋಲಾ ಎದುರು ಶೇ. 52ಕ್ಕೂ ಹೆಚ್ಚು, ಪೇಲಿನ್ ಎದುರು ಶೇ. 61ರಷ್ಟು ಮತ ಪಡೆದು ಇಬ್ಬರನ್ನೂ ಮೀರಿದ್ದು ಕಾಣುತ್ತಿತ್ತು. ಎಲ್ಲರಿಗಿಂತ ಹೆಚ್ಚು ಒಪ್ಪಿತರಾದವರೇ ಮೊದಲು ಹೊರಬಿದ್ದರು. ಎರಡು ಬದಿಯ ಬಲದ ನಡುವೆ ಮೊದಲ ಪ್ರಾಶಸ್ತ್ಯ ಹರಿದುಹೋಗಿ ನಡುವಿನ ಅಭ್ಯರ್ಥಿ ನಲುಗುವ ಈ ಸ್ಥಿತಿಗೆ ಮತಶಾಸ್ತ್ರದಲ್ಲಿ ಪ್ರತ್ಯೇಕ ಹೆಸರೇ ಇದೆ. ನಡುವಿನವರ ನಲುಗು ಎನ್ನೋಣ.

ಅಲಾಸ್ಕಾದ ಅಂಕಿಗಳಿಂದ ಇನ್ನೂ ಎರಡು ಪರಿಕಲ್ಪನೆಗಳು ಬೆಳಕಿಗೆ ಬರುತ್ತವೆ, ಅವು ಮತದಾರನ ಘನತೆಗೆ ಸಂಬಂಧಿಸಿದವು. ಮತ ಹಾಕಿದ್ದರಿಂದ ಮತದಾರನಿಗೆ ಕೇಡಾಗಬಾರದು ಎಂಬುದು ಒಂದು. ಪೇಲಿನ್, ಬೆಗಿಚ್, ಪೆಲ್ಟೋಲಾ ಎಂದು ಕ್ರಮ ಬರೆದವರಲ್ಲಿ ಆರು ಸಾವಿರ ಮಂದಿ ಆ ದಿನ ಮನೆಯಲ್ಲೇ ಉಳಿದಿದ್ದರೆ ಪೇಲಿನ್ ಮೂರನೆಯ ಸ್ಥಾನಕ್ಕಿಳಿದು ಹೊರಬೀಳುತ್ತಿದ್ದರು, ಕೊನೆಯ ಸುತ್ತಿನಲ್ಲಿ ಬೆಗಿಚ್ ಗೆಲ್ಲುತ್ತಿದ್ದರು. ಮತಗಟ್ಟೆಗೆ ಬಂದದ್ದರಿಂದ ಅವರಿಗೆ ಸಿಕ್ಕಿದ್ದು ತಾವು ಕೊನೆಗೆ ಬರೆದ ಅಭ್ಯರ್ಥಿ. ಇದಕ್ಕೆ ಗೈರುಹಾಜರಿಯ ವಿರೋಧಾಭಾಸ ಎಂದು ಹೆಸರು. ಇನ್ನೊಂದು ಏಕಮುಖತೆ: ಒಬ್ಬರಿಗೆ ಹೆಚ್ಚು ಬೆಂಬಲ ಸಿಕ್ಕರೆ ಅವರ ಗೆಲುವು ಇನ್ನಷ್ಟು ಗಟ್ಟಿಯಾಗಬೇಕು, ಸೋಲಾಗಿ ತಿರುಗಬಾರದು. ಪೇಲಿನ್ ಒಬ್ಬರಿಗೇ ಮತ ಬರೆದು ನಿಲ್ಲಿಸಿದವರಲ್ಲಿ ಆರು ಸಾವಿರ ಮಂದಿ ಮನಸ್ಸು ಬದಲಿಸಿ ಪೆಲ್ಟೋಲಾ ಅವರಿಗೆ ಮೊದಲ ಪ್ರಾಶಸ್ತ್ಯ ಕೊಟ್ಟಿದ್ದರೆ, ಆ ಹೆಚ್ಚಿನ ಬೆಂಬಲವೇ ಪೆಲ್ಟೋಲಾ ಅವರನ್ನು ಸೋಲಿಸುತ್ತಿತ್ತು. ಇದು ಅಲಾಸ್ಕಾದ ಒಂದು ದಿನದ ವಿಚಿತ್ರವೂ ಅಲ್ಲ. 2009ರಲ್ಲಿ ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್ ನಗರದ ಮೇಯರ್ ಚುನಾವಣೆಯಲ್ಲಿ ಬಾಬ್ ಕಿಸ್ 4,313 ಮತ ಪಡೆದು 4,061 ಪಡೆದ ಕರ್ಟ್ ರೈಟ್ ಅವರನ್ನು ಸೋಲಿಸಿದರು. ಅದಕ್ಕೂ ಮುಂಚಿನ ಸುತ್ತಿನಲ್ಲಿ ಹೊರಬಿದ್ದ ಆಂಡಿ ಮಾಂಟ್ರೋಲ್ ಅವರು ಕಿಸ್ ಅವರನ್ನು ಸುಮಾರು 600 ಮತಗಳಿಂದ, ರೈಟ್ ಅವರನ್ನು 900ಕ್ಕೂ ಹೆಚ್ಚು ಮತಗಳಿಂದ ನೇರ ಹೋಲಿಕೆಯಲ್ಲಿ ಮೀರಿದ್ದರು. ಅಲ್ಲಿಯೂ ರೈಟ್ ಅವರ ಬೆಂಬಲಿಗರಲ್ಲಿ ಸುಮಾರು 750 ಮಂದಿ ಕಿಸ್ ಕಡೆ ಬಂದಿದ್ದರೆ ಕಿಸ್ ಸೋಲುವ ಸ್ಥಿತಿಯಿತ್ತು. ಮರುವರ್ಷ ಆ ನಗರದ ಮತದಾರರು ಪದ್ಧತಿಯನ್ನೇ ಕೈಬಿಟ್ಟರು. ಮುಂದೆ ಅದನ್ನು ಮತ್ತೆ ತಂದರಾದರೂ, ಒಂದು ಕೆಟ್ಟ ಎಣಿಕೆಯಿಂದ ಒಳ್ಳೆಯ ಮತಪತ್ರವೂ ಹೇಗೆ ಜನರ ನಂಬಿಕೆ ಕಳೆದುಕೊಳ್ಳುತ್ತದೆ ಎಂಬುದಕ್ಕೆ ಅದು ಸಾಕ್ಷಿ.

ಎರಡೂ ಕಡೆ ಗೆದ್ದವರು ಅರ್ಧ ದಾಟಿದರು ಎಂದು ಘೋಷಣೆಯಾಯಿತು. ಯಾವುದರ ಅರ್ಧ? ಬರ್ಲಿಂಗ್ಟನ್ನಿನ 4,313 ಅಲ್ಲಿ ಚಲಾಯಿಸಿದ ಮತಗಳ ಶೇ. 48 ಮಾತ್ರ, ಅಲಾಸ್ಕಾದ 91,266 ಕೂಡ ಮೊದಲ ಸುತ್ತಿನ ಮತಗಳ ಶೇ. 48ರಷ್ಟೇ. ಕೊನೆಯ ಸುತ್ತಿಗೆ ಬರುವಷ್ಟರಲ್ಲಿ ನಿಂತ ಮತಪತ್ರಗಳನ್ನು ಛೇದದಿಂದ ತೆಗೆದುಹಾಕಿದ್ದರಿಂದ ಬಹುಮತ ಹುಟ್ಟಿತು. ಇಬ್ಬರನ್ನೇ ಉಳಿಸಿಕೊಂಡು ಎಣಿಸಿದರೆ ಒಬ್ಬರಿಗೆ ಅರ್ಧಕ್ಕಿಂತ ಹೆಚ್ಚು ಬಂದೇ ಬರುತ್ತದೆ, ಅದರಲ್ಲಿ ಜನಮನದ ಸುದ್ದಿ ಹೆಚ್ಚೇನಿಲ್ಲ. ಇಲ್ಲಿ ನನ್ನ ವಾದಕ್ಕೂ ಒಂದು ಆಕ್ಷೇಪ ತಟ್ಟುತ್ತದೆ, ಅದನ್ನು ಮರೆಮಾಚಬಾರದು: ಬೆಗಿಚ್ ಅವರು ಪೆಲ್ಟೋಲಾ ಎದುರು ಪಡೆಯುತ್ತಿದ್ದ ಸುಮಾರು 87,800 ಮತಗಳೂ ಒಟ್ಟಿನ ಅರ್ಧ ಮುಟ್ಟುವುದಿಲ್ಲ. ನಿಜ. ಕ್ರಮ ಬರೆಯದವರ ಮನಸ್ಸನ್ನು ಯಾವ ನಿಯಮವೂ ಓದಲಾರದು. ಆದರೆ ಕಾಂಡೋರ್ಸೆ ವಿಜೇತರ ಹಕ್ಕು ನಿಂತಿರುವುದು ಅರ್ಧದ ಮೇಲಲ್ಲ. ಇವರ ಬದಲು ಅವರು ಬೇಕು ಎಂದು ಬೊಟ್ಟು ಮಾಡಿ ತೋರಿಸಬಹುದಾದ, ಹೆಚ್ಚು ಜನ ಬಯಸುವ ಇನ್ನೊಬ್ಬ ಅಭ್ಯರ್ಥಿ ಕಣದಲ್ಲಿ ಯಾರೂ ಇಲ್ಲ ಎಂಬುದು ಅವರ ಹಕ್ಕು. ಪೆಲ್ಟೋಲಾ ಗೆದ್ದಾಗ ಅಂಥ ಇನ್ನೊಬ್ಬರು ಇದ್ದರು.

ಪ್ರಾಶಸ್ತ್ಯ ಮತವನ್ನು ಬೆಂಬಲಿಸುವವರು ಹೇಳುವ ಮಾತಿನಲ್ಲಿ ಬಹುಪಾಲನ್ನು ನಾನು ಒಪ್ಪುತ್ತೇನೆ. 1918ರಲ್ಲಿ ಆಸ್ಟ್ರೇಲಿಯಾದ ಸ್ವಾನ್ ಉಪಚುನಾವಣೆಯಲ್ಲಿ ಎದುರಾಳಿಗಳ ಮತ ಒಡೆದು ಮೂರನೆಯ ಒಂದು ಪಾಲಿನಷ್ಟು ಮತಕ್ಕೇ ಗೆಲುವು ದಕ್ಕಿದ ಮೇಲೆ ಆ ದೇಶ ಪ್ರಾಶಸ್ತ್ಯ ಮತಕ್ಕೆ ಬಂತು. ಇಂದು ಅಲ್ಲಿ ನಾಗರಿಕರಾಗಿರುವ ಕನ್ನಡಿಗರೂ ಕೆಳಮನೆಯ ಚುನಾವಣೆಯಲ್ಲಿ ಎಲ್ಲ ಅಭ್ಯರ್ಥಿಗಳಿಗೂ ಅಂಕಿ ಬರೆಯಲೇಬೇಕು. ಐರ್ಲೆಂಡಿನ 1990ರ ಅಧ್ಯಕ್ಷ ಚುನಾವಣೆಯಲ್ಲಿ ಮೊದಲ ಪ್ರಾಶಸ್ತ್ಯದಲ್ಲಿ ಶೇ. 44 ಪಡೆದ ಬ್ರಯನ್ ಲೆನಿಹನ್ ಮುಂದಿದ್ದರು. ಮೂರನೆಯವರ ಮತ ವರ್ಗವಾದಾಗ ಶೇ. 39ರಲ್ಲಿದ್ದ ಮೇರಿ ರಾಬಿನ್ಸನ್ ಅರ್ಧ ದಾಟಿ ಆ ದೇಶದ ಮೊದಲ ಮಹಿಳಾ ಅಧ್ಯಕ್ಷೆಯಾದರು. ಹೆಚ್ಚು ಮತ ಪಡೆದವರೇ ಗೆದ್ದರು ಎನ್ನುವ ನಮ್ಮ ಲೋಕಸಭೆಯ ಪದ್ಧತಿಗೆ ಹೋಲಿಸಿದರೆ ಇದು ಮೇಲು, ಸಂಶಯವಿಲ್ಲ. ಅಮೆರಿಕದಲ್ಲಿ ಪ್ರಕಟವಾದ ಮತಪತ್ರಗಳನ್ನು ಪರಿಶೀಲಿಸಿದವರು, ಹೆಚ್ಚಿನ ಚುನಾವಣೆಗಳಲ್ಲಿ ಕಾಂಡೋರ್ಸೆ ವಿಜೇತರೇ ಗೆದ್ದಿದ್ದಾರೆ, ಬರ್ಲಿಂಗ್ಟನ್ ಮತ್ತು ಅಲಾಸ್ಕಾ ಅಪವಾದಗಳು ಎನ್ನುತ್ತಾರೆ. ಅಪವಾದ ಎಲ್ಲಿ ಹುಟ್ಟುತ್ತದೆ ಎಂಬುದನ್ನು ನೋಡಬೇಕು. ಇಬ್ಬರೇ ಪ್ರಬಲರಿದ್ದರೆ ಯಾವ ನಿಯಮವೂ ಸರಿಯಾಗಿಯೇ ನಡೆಯುತ್ತದೆ. ಮೂವರು ಸಮಬಲರು ಎದುರಾದಾಗ, ಅಂದರೆ ನಿಯಮದ ಅಗತ್ಯ ನಿಜವಾಗಿ ಬೀಳುವಾಗಲೇ, ಹೊರಹಾಕುವ ಪದ್ಧತಿ ಕಾಲು ಜಾರುತ್ತದೆ. ತ್ರಿಕೋನ ಸ್ಪರ್ಧೆ ಎಂಬ ಮಾತು ಪತ್ರಿಕೆಗಳಲ್ಲಿ ದಿನಬಳಕೆಯಾಗಿರುವ ಕರ್ನಾಟಕದಲ್ಲಿ ಇದನ್ನು ಅಪರೂಪವೆಂದು ಬದಿಗಿಡುವುದು ಸರಿಯಲ್ಲ.

ಎರಡನೆಯ ಆಕ್ಷೇಪಕ್ಕೆ ತೂಕವಿದೆ. ಎಲ್ಲರ ಎರಡನೆಯ ಆಯ್ಕೆಯಾಗಿ, ಯಾರ ಮೊದಲ ಆಯ್ಕೆಯೂ ಆಗದವರು ಗೆದ್ದರೆ ಅವರಿಗೆ ಆಳುವ ಬಲ ಎಲ್ಲಿಂದ ಬಂದೀತು? ಮೊದಲ ಪ್ರಾಶಸ್ತ್ಯದಲ್ಲಿ ನೂರಕ್ಕೆ ಎರಡು ಮತ ಪಡೆದವರು ಮೇಯರ್ ಆದರೆ ಜನ ಗೊಂದಲಕ್ಕೀಡಾಗುವುದು ಸಹಜ. ತೀರಾ ಕಡಿಮೆ ಮತ ಪಡೆದವರನ್ನು ಹೋಲಿಕೆಗೆ ಮುಂಚೆಯೇ ಹೊರಗಿಡುವ ಮಿತಿಯೊಂದನ್ನು ಇಟ್ಟುಕೊಳ್ಳಲು ನನ್ನ ಅಭ್ಯಂತರವಿಲ್ಲ. ಆದರೆ ನಮ್ಮ ಮುಂದಿರುವ ನಿಜವಾದ ಪ್ರಕರಣಗಳು ಹಾಗಿಲ್ಲ. ಬೆಗಿಚ್ ಅವರಿಗೆ ಶೇ. 28ಕ್ಕೂ ಹೆಚ್ಚು, ಮಾಂಟ್ರೋಲ್ ಅವರಿಗೆ ಶೇ. 23ರಷ್ಟು ಮೊದಲ ಪ್ರಾಶಸ್ತ್ಯ ಸಿಕ್ಕಿತ್ತು. ಅಲ್ಲದೆ ಹುದ್ದೆ ಯಾವುದು ಎಂಬುದೂ ಮುಖ್ಯ. ರಾಷ್ಟ್ರಪತಿ ಒಂದು ಬಣದ ಮುಖಂಡರಲ್ಲ. ಎಲ್ಲ ಬಣಗಳೂ ತಕ್ಕಮಟ್ಟಿಗೆ ಒಪ್ಪುವವರು ಆ ಸ್ಥಾನದಲ್ಲಿರಬೇಕು ಎಂಬುದೇ ಅದರ ಕಲ್ಪನೆ. ಅಂಥ ಹುದ್ದೆಗೆ ಎರಡನೆಯ ಪ್ರಾಶಸ್ತ್ಯ ಮೊದಲನೆಯದರಷ್ಟೇ ಬೆಲೆಯುಳ್ಳ ಸಾಕ್ಷ್ಯ.

ಇನ್ನೊಂದು ಆಕ್ಷೇಪ ಶಾಸ್ತ್ರಜ್ಞರದು. ಮೂರು ಅಥವಾ ಹೆಚ್ಚು ಆಯ್ಕೆಗಳಿದ್ದಾಗ, ಒಂದಿಷ್ಟು ಸಹಜವಾದ ಷರತ್ತುಗಳನ್ನೆಲ್ಲ ಒಟ್ಟಿಗೆ ಪಾಲಿಸುವ ನಿಯಮ ಒಬ್ಬರ ಸರ್ವಾಧಿಕಾರ ಬಿಟ್ಟರೆ ಬೇರೆ ಇಲ್ಲ ಎಂದು ಕೆನೆತ್ ಆರೋ 1951ರಲ್ಲಿ ಸಾಧಿಸಿದರು. ಮನಸ್ಸಿನಲ್ಲಿರುವ ಕ್ರಮವನ್ನು ಬಿಟ್ಟು ಬೇರೆ ಬರೆದರೆ ಲಾಭವಾಗುವ ಸಂದರ್ಭ, ಸರ್ವಾಧಿಕಾರ ಬಿಟ್ಟರೆ, ಅಂಥ ಯಾವ ನಿಯಮದಲ್ಲೂ ಇದ್ದೇ ಇರುತ್ತದೆ ಎಂದು 1973ರಲ್ಲಿ ಗಿಬಾರ್ಡ್, 1975ರಲ್ಲಿ ಸ್ಯಾಟರ್‌ತ್ವೇಟ್ ತೋರಿಸಿದರು. ಇದರಿಂದ, ಎಲ್ಲ ನಿಯಮವೂ ದೋಷದ್ದೇ, ಹಾಗಾಗಿ ಇರುವುದೇ ಇರಲಿ ಎಂಬ ತೀರ್ಮಾನಕ್ಕೆ ಬರುವವರಿದ್ದಾರೆ. ಆರೋ ಸಾಧಿಸಿದ್ದು ಪೂರ್ಣತೆ ಅಸಾಧ್ಯ ಎಂಬುದನ್ನು. ಎಲ್ಲ ದೋಷಗಳೂ ಸಮ ಎಂಬುದನ್ನಲ್ಲ. ಚಕ್ರ ಎಂಬ ತೊಡಕು ಎಷ್ಟು ಬಾರಿ ಎದುರಾಗುತ್ತದೆ ಎಂಬುದನ್ನು ನೋಡಿದರೆ ವ್ಯತ್ಯಾಸ ಕಾಣುತ್ತದೆ. ಅಭ್ಯರ್ಥಿಗಳನ್ನು ಒಂದೇ ಗೆರೆಯ ಮೇಲೆ ಎಡದಿಂದ ಬಲಕ್ಕೆ ಜೋಡಿಸಿಕೊಂಡು ಮತದಾರರು ತಮಗೆ ಹತ್ತಿರದವರನ್ನು ಮೇಲಿಡುತ್ತಾ ಹೋದರೆ ಚಕ್ರ ಹುಟ್ಟಲಾರದು ಎಂದು ಡಂಕನ್ ಬ್ಲ್ಯಾಕ್ 1948ರಲ್ಲೇ ತೋರಿಸಿದ್ದಾರೆ; ನಮ್ಮವರೇ ಆದ ಅಮರ್ತ್ಯ ಸೇನ್ ಆ ಷರತ್ತನ್ನು ಇನ್ನಷ್ಟು ಸಡಿಲಿಸಿ ಅದೇ ಫಲ ಪಡೆದರು. ನಿಜ ಜೀವನದಲ್ಲಿ ಚಕ್ರ ಇಲ್ಲವೆಂದಲ್ಲ, 2021ರಲ್ಲಿ ಮಿನಿಯಾಪೊಲಿಸ್ ನಗರದ ಒಂದು ವಾರ್ಡಿನ ಮತಪತ್ರಗಳಲ್ಲಿ ಅದು ಸಿಕ್ಕಿದೆ. ಚಕ್ರವಿದ್ದಾಗ ಯಾವುದಾದರೂ ಒಪ್ಪಂದದ ದಾರಿ ಹಿಡಿಯಬೇಕು. ಚಕ್ರವಿಲ್ಲದಾಗಲೂ, ಸ್ಪಷ್ಟ ಉತ್ತರ ಮತಪತ್ರಗಳಲ್ಲೇ ಇರುವಾಗಲೂ, ಅದನ್ನು ಬಿಟ್ಟು ಬೇರೆಯವರನ್ನು ಆರಿಸುವುದಕ್ಕೆ ಆರೋ ಅವರ ಪ್ರಮೇಯ ಸಮರ್ಥನೆಯಾಗದು.

ಹೊರಹಾಕುವ ಪದ್ಧತಿಗೆ ಒಂದು ಗುಣವಿದೆ, ಕಾಂಡೋರ್ಸೆ ಪದ್ಧತಿಗಳಿಗೆ ಅದಿಲ್ಲ: ಎರಡನೆಯ ಪ್ರಾಶಸ್ತ್ಯ ಬರೆದದ್ದರಿಂದ ಮೊದಲನೆಯವರಿಗೆ ಎಂದೂ ಹಾನಿಯಾಗುವುದಿಲ್ಲ. ಮತದಾರರನ್ನು ನಿರ್ಭಯವಾಗಿ ಬರೆಯಲು ಪ್ರೇರೇಪಿಸುವ ಈ ಭರವಸೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಭರವಸೆ ಈಡೇರುವ ಬಗೆ ನೋಡಿ: ಮೊದಲನೆಯವರು ಕಣದಲ್ಲಿರುವವರೆಗೂ ಎರಡನೆಯ ಅಂಕಿಯನ್ನು ಓದದೆ ಇರುವುದರಿಂದಲೇ ಅದು ಹಾನಿ ಮಾಡುವುದಿಲ್ಲ. ಅಲಾಸ್ಕಾದ ಆ 34 ಸಾವಿರ ಮಂದಿಗೆ ಇದರಿಂದ ದಕ್ಕಿದ್ದೇನು? ಅವರ ಮೊದಲ ಆಯ್ಕೆ ಸೋತಿತು, ಎರಡನೆಯದು ಓದಿಸಿಕೊಳ್ಳಲಿಲ್ಲ, ಮೂರನೆಯದು ಗೆದ್ದಿತು.

ಎಣಿಕೆ ಜಟಿಲವಾಗುತ್ತದೆ ಎಂಬ ಆತಂಕಕ್ಕೆ ಸರಳವಾದ ಉತ್ತರವಿದೆ. ಈಗಿನ ನಿಯಮದಲ್ಲಿ ಒಂದೇ ಒಂದು ಹೆಜ್ಜೆ ಬದಲಿಸಿದರೆ ಸಾಕು. ಪ್ರತಿ ಸುತ್ತಿನಲ್ಲೂ ಕಡೆಯ ಒಬ್ಬರನ್ನು ನೇರವಾಗಿ ಹೊರಗೆ ಹಾಕುವ ಬದಲು ಕಡೆಯ ಇಬ್ಬರನ್ನು ತೆಗೆದುಕೊಂಡು, ಎಲ್ಲ ಮತಪತ್ರಗಳಲ್ಲೂ ಆ ಇಬ್ಬರಲ್ಲಿ ಯಾರು ಮೇಲಿದ್ದಾರೆ ಎಂದು ನೋಡಿ, ಸೋತವರನ್ನು ಹೊರಗಿಡುವುದು. ಕಾಂಡೋರ್ಸೆ ವಿಜೇತರು ಯಾರ ಎದುರೂ ಸೋಲದವರಾದ್ದರಿಂದ ಈ ಕ್ರಮದಲ್ಲಿ ಅವರು ಹೊರಬೀಳುವ ಸಂಭವವೇ ಇಲ್ಲ. ಚಕ್ರವಿದ್ದರೂ ಎಣಿಕೆ ಎಲ್ಲಿಯೂ ಸಿಕ್ಕಿಕೊಳ್ಳದೆ ಒಬ್ಬರಲ್ಲಿ ಕೊನೆಗಾಣುತ್ತದೆ. ಅಲಾಸ್ಕಾದಲ್ಲಿ ಕಡೆಯ ಇಬ್ಬರು ಪೇಲಿನ್ ಮತ್ತು ಬೆಗಿಚ್, ಪೇಲಿನ್ ಹೊರಗೆ. ಬರ್ಲಿಂಗ್ಟನ್ನಿನಲ್ಲಿ ಮೂವರು ಉಳಿದಾಗ ಕಡೆಯ ಇಬ್ಬರು ಕಿಸ್ ಮತ್ತು ಮಾಂಟ್ರೋಲ್, ಕಿಸ್ ಹೊರಗೆ. ಕೈಯಿಂದ ಎಣಿಸುವ ನಮ್ಮ ಪರಿಷತ್ ಚುನಾವಣೆಗಳಲ್ಲಿ ಪ್ರತಿ ಸುತ್ತಿಗೂ ಇತರ ಕಟ್ಟುಗಳನ್ನು ಒಮ್ಮೆ ತಿರುವಿಹಾಕುವ ಕೆಲಸ ಹೆಚ್ಚುತ್ತದೆ, ಅಷ್ಟೇ. ಮತದಾರರು ಬರೆಯುವ ಬಗೆ, ಮತಪತ್ರ, ನೇರಳೆ ಪೆನ್ನು ಯಾವುದೂ ಬದಲಾಗಬೇಕಿಲ್ಲ. ರಾಷ್ಟ್ರಪತಿ ಚುನಾವಣೆಯ 55ನೆಯ ವಿಧಿಯನ್ನೇ ತಿದ್ದುವುದಾದರೆ ಅರ್ಧದಷ್ಟು ರಾಜ್ಯಗಳ ಒಪ್ಪಿಗೆಯೂ ಬೇಕು, ಅದು ದೂರದ ದಾರಿ. ಆದರೆ ಸಂವಿಧಾನ ಹೇಳುವುದು ಮತ ಏಕವಾಗಿರಬೇಕು, ವರ್ಗಾವಣೀಯವಾಗಿರಬೇಕು ಎಂದಷ್ಟೇ. ಯಾರನ್ನು ಯಾವ ಕ್ರಮದಲ್ಲಿ ಹೊರಗಿಡಬೇಕು ಎಂಬುದು ಇರುವುದು ಚುನಾವಣಾ ನಿಯಮಗಳಲ್ಲಿ. ನಿಯಮದ ತಿದ್ದುಪಡಿಯೇ ಸಾಕಾದೀತು ಎಂಬುದು ನನ್ನ ಅಭಿಪ್ರಾಯ. ಅಂತಿಮ ಮಾತು ನ್ಯಾಯಾಲಯದ್ದು.

ಅದಕ್ಕೂ ಮೊದಲು, ಯಾರೂ ವಿರೋಧಿಸಬೇಕಿಲ್ಲದ ಕೆಲಸವೊಂದಿದೆ. ಎಣಿಕೆ ಮುಗಿದ ಮೇಲೆ ನಮಗೆ ಸಿಗುವುದು ಸುತ್ತುವಾರು ಪಟ್ಟಿ. ಅದರಿಂದ ಯಾರು ಯಾವಾಗ ಹೊರಬಿದ್ದರು ಎಂದು ತಿಳಿಯುತ್ತದೆ, ಜೋಡಿ ಹೋಲಿಕೆ ತಿಳಿಯುವುದಿಲ್ಲ. ಅಮೆರಿಕದಂತೆ ಪ್ರತಿ ಮತಪತ್ರದ ಪೂರ್ಣ ಕ್ರಮವನ್ನೇ ಪ್ರಕಟಿಸಿ ಎಂದು ನಾನು ಕೇಳುವುದಿಲ್ಲ, ಏಕೆಂದರೆ ಅದರಲ್ಲಿ ಗೌಪ್ಯತೆಗೆ ಅಪಾಯವಿದೆ. ಹತ್ತು ಅಭ್ಯರ್ಥಿಗಳಿಗೆ ಪೂರ್ಣ ಕ್ರಮ ಬರೆಯುವ ಬಗೆಗಳು 36,28,800. ಕ್ಷೇತ್ರದ ಮತದಾರರಿಗಿಂತ ಎಷ್ಟೋ ಪಟ್ಟು ಹೆಚ್ಚು. ಹಣ ಕೊಟ್ಟವರು ಒಬ್ಬೊಬ್ಬರಿಗೂ ಬೇರೆ ಬೇರೆ ಕೆಳಕ್ರಮ ಹೇಳಿಕೊಟ್ಟು, ಪ್ರಕಟಿತ ಪಟ್ಟಿಯಲ್ಲಿ ಅದನ್ನು ಹುಡುಕಿ, ಹೇಳಿದಂತೆ ಮತ ಬಿತ್ತೇ ಎಂದು ಖಚಿತಪಡಿಸಿಕೊಳ್ಳಬಹುದು. ಜೋಡಿಗಳ ಮೊತ್ತವನ್ನಷ್ಟೇ ಪ್ರಕಟಿಸಿದರೆ ಆ ಅಪಾಯ ಉಳಿಯುವುದಿಲ್ಲ. ಹತ್ತು ಅಭ್ಯರ್ಥಿಗಳಿಗೆ 45 ಜೋಡಿ, ಜೋಡಿಗೆ ಎರಡು ಸಂಖ್ಯೆ. ಒಂದು ಪುಟದಲ್ಲಿ ಹಿಡಿಸುವ ಕೋಷ್ಟಕ. ಕೆಲಸ ಭಾರವೆನಿಸಿದರೆ ಮೊದಲ ಪ್ರಾಶಸ್ತ್ಯದಲ್ಲಿ ಮುಂದಿರುವ ನಾಲ್ವರಿಗೆ ಮಾತ್ರ, ಆರೇ ಜೋಡಿಗಳಿಗೆ, ಲೆಕ್ಕ ಮಾಡಿದರೂ ಸಾಕು. ಫಲಿತಾಂಶ ಘೋಷಣೆಯಾದ ಮೇಲೆ, ಮತಪತ್ರಗಳನ್ನು ಮುದ್ರೆಯೊತ್ತಿ ಕಟ್ಟಿಡುವ ಮುನ್ನ, ಇದೇ ಸಿಬ್ಬಂದಿ ಇದೇ ಮೇಜಿನ ಮೇಲೆ ಮಾಡಬಹುದಾದ ಲೆಕ್ಕ ಇದು. ಗೆದ್ದವರ ಗೆಲುವನ್ನು ಅದು ಅಲುಗಿಸುವುದಿಲ್ಲ. ಹದಿನಾಲ್ಕು ಕ್ಷೇತ್ರಗಳಲ್ಲಿ ಎರಡು ಮೂರು ಅವಧಿ ಹೀಗೆ ಮಾಡಿದರೆ, ಹೊರಹಾಕುವ ನಿಯಮ ಕರ್ನಾಟಕದಲ್ಲಿ ಎಷ್ಟು ಬಾರಿ ಸರಿಯಾದವರನ್ನು ಆರಿಸಿದೆ, ಎಷ್ಟು ಬಾರಿ ನಡುವಿನವರನ್ನು ಹೊರತಳ್ಳಿದೆ ಎಂಬುದು ನಮ್ಮದೇ ಮತಪತ್ರಗಳಿಂದ ಗೊತ್ತಾಗುತ್ತದೆ. ನಿಯಮ ಬದಲಿಸಬೇಕೇ ಬೇಡವೇ ಎಂಬ ಚರ್ಚೆಯನ್ನು ಆ ಕೋಷ್ಟಕಗಳನ್ನು ಮುಂದಿಟ್ಟುಕೊಂಡು ಶಾಸನಸಭೆ ಮತ್ತು ಚುನಾವಣಾ ಆಯೋಗ ನಡೆಸಲಿ.